ಕೇಳುಗರ ಜಿಲ್ಲೆಗಳು: ಆಕಾಶವಾಣಿಯ ಚರಿತ್ರೆಯಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ

ಆಕಾಶವಾಣಿ ತನ್ನ ವ್ಯಾಪ್ತಿಯ ಮಾತು ಬಂದಾಗಲೆಲ್ಲ ಒಂದು ಅಂಕಿಯನ್ನು ತಪ್ಪದೆ ಮುಂದಿಡುತ್ತದೆ: ದೇಶದ ಜನಸಂಖ್ಯೆಯ ಶೇ 99.19. ಭೂಭಾಗದ ಲೆಕ್ಕದಲ್ಲಾದರೆ ಸುಮಾರು ಶೇ 92. ಇಪ್ಪತ್ತಮೂರು ಭಾಷೆ, 179 ಉಪಭಾಷೆಗಳಲ್ಲಿ ಪ್ರಸಾರ ಮಾಡುವ ಈ ಜಾಲಕ್ಕೆ ಸಾಟಿಯಾದ ಸಂಸ್ಥೆಗಳು ಜಗತ್ತಿನಲ್ಲೇ ವಿರಳ. ಆದರೆ 2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಪ್ರಸಾರ ಮೂಲಸೌಕರ್ಯದ ಅಭಿವೃದ್ಧಿಗೆ 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಇನ್ನೊಂದು ಲೆಕ್ಕ ಹೊರಬಿತ್ತು. ಎಫ್‌ಎಂ ಒಂದನ್ನೇ ಹಿಡಿದರೆ ಆಕಾಶವಾಣಿ ಆಗ ತಲುಪುತ್ತಿದ್ದುದು ಭೂಭಾಗದ ಶೇ 59ನ್ನು, ಜನಸಂಖ್ಯೆಯ ಶೇ 68ನ್ನು. ಯೋಜನೆ ಪೂರ್ಣಗೊಂಡಾಗ ಇದು ಕ್ರಮವಾಗಿ ಶೇ 66 ಮತ್ತು ಶೇ 80 ಆಗಬೇಕು ಎಂಬುದು ಗುರಿ. ಅಂದರೆ ಗುರಿ ಮುಟ್ಟಿದ ಮೇಲೂ ಐವರಲ್ಲಿ ಒಬ್ಬರು ಎಫ್‌ಎಂ ವ್ಯಾಪ್ತಿಯ ಹೊರಗೇ ಉಳಿಯುತ್ತಾರೆ. ಬಹುದೂರ ತಲುಪುವ ಹಳೆಯ ಬಗೆಯ ಪ್ರಸಾರವಾದ ಮೀಡಿಯಂ ವೇವ್ ಇರುವವರೆಗೆ ಅವರು 99ರ ಲೆಕ್ಕದಲ್ಲಿ ಇರುತ್ತಾರೆ. ದೇಶದ ಹಲವೆಡೆ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಿರುವ ಈ ಹೊತ್ತಿನಲ್ಲಿ ಅವರು ಯಾವ ಲೆಕ್ಕಕ್ಕೆ ಸೇರುತ್ತಾರೆ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಜೋರಾಗಿ ಕೇಳಬೇಕು. ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿ, ಭದ್ರಾವತಿ, ಮಂಗಳೂರು, ಹಾಸನ, ಚಿತ್ರದುರ್ಗ, ಮಡಿಕೇರಿ, ಹೊಸಪೇಟೆ, ರಾಯಚೂರು, ಕಾರವಾರ, ವಿಜಯಪುರಗಳಲ್ಲಿ ಆಕಾಶವಾಣಿಗೆ ಸ್ವಂತವಾಗಿ ಕಾರ್ಯಕ್ರಮ ತಯಾರಿಸುವ ನಿಲಯಗಳಿವೆ. ನಮ್ಮ ಮೂರು ಜಿಲ್ಲೆಗಳಲ್ಲಿ ಒಂದೂ ಇಲ್ಲ. ಬೆಂಗಳೂರು ಪಕ್ಕದಲ್ಲೇ ಇರುವಾಗ ಬೇರೆ ನಿಲಯ ಏಕೆ ಎಂಬುದು ಇದರ ಹಿಂದಿನ ತರ್ಕ. ಮೀಡಿಯಂ ವೇವ್ ಕಾಲದಲ್ಲಿ ಆ ತರ್ಕಕ್ಕೆ ಅರ್ಧ ಬಲವಿತ್ತು, ಏಕೆಂದರೆ ಬೆಂಗಳೂರಿನ ದನಿ ಇಲ್ಲಿಗೆ ಸ್ಪಷ್ಟವಾಗಿ ತಲುಪುತ್ತಿತ್ತು. ಇಲ್ಲಿಯ ದನಿ ಬೆಂಗಳೂರಿಗೆ ತಲುಪುತ್ತಿತ್ತೇ ಎಂಬ ಉಳಿದರ್ಧವನ್ನು ಯಾರೂ ಕೇಳಲಿಲ್ಲ. ಈಗ ಮೊದಲರ್ಧವೂ ಕೈಬಿಡುತ್ತಿದೆ.

ಬೆಟ್ಟದ ಆಚೆ, ಬೆಟ್ಟದ ಈಚೆ

ಬೆಂಗಳೂರು ಆಕಾಶವಾಣಿಯ ಮುಖ್ಯ ವಾಹಿನಿಯ ಕಂಪನಾಂಕ 612 ಕಿಲೋಹರ್ಟ್ಸ್. ಅದರ ತರಂಗದ ಉದ್ದ ಹೆಚ್ಚುಕಡಿಮೆ 490 ಮೀಟರ್. ಇಷ್ಟು ಉದ್ದದ ಅಲೆ ಹಗಲಿನಲ್ಲಿ ನೆಲವನ್ನು ಹಿಡಿದುಕೊಂಡೇ ಸಾಗುತ್ತದೆ, ಗುಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ. ರಾತ್ರಿಯಾದರೆ ಮೇಲಿನ ವಾತಾವರಣದ ವಿದ್ಯುದಾವೇಶದ ಪದರಕ್ಕೆ ತಗುಲಿ ಮರಳಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಯಲಹಂಕದ 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್‌ನಿಂದ ಹೊರಟ ದನಿ ಪಾವಗಡದ ಹೊಲದಲ್ಲೂ ಮುಳಬಾಗಿಲಿನ ಮನೆಯ ಜಗಲಿಯಲ್ಲೂ ಕೇಳುತ್ತಿದ್ದುದು ಹೀಗೆ. ಮುಳ್ಳು 612ಕ್ಕೆ ಬಂದು ನಿಂತರೆ ಮತ್ತೆ ಅಲುಗಿಸುವ ಅಗತ್ಯವೇ ಇಲ್ಲದ ಮನೆಗಳು ಸಾವಿರಾರು ಇದ್ದವು.

ಎಫ್‌ಎಂ ಸ್ವಭಾವವೇ ಬೇರೆ. 101.3 ಮೆಗಾಹರ್ಟ್ಸ್‌ನ ತರಂಗದ ಉದ್ದ ಮೂರು ಮೀಟರ್‌ಗೂ ತುಸು ಕಡಿಮೆ. ಅದು ಬೆಳಕಿನಂತೆ ಬಹುಮಟ್ಟಿಗೆ ನೇರ ಗೆರೆಯಲ್ಲಿ ಹೋಗುತ್ತದೆ. ಗೋಪುರ ಎಷ್ಟು ಎತ್ತರದಲ್ಲಿದೆ, ಕೇಳುವವನಿಗೂ ಗೋಪುರಕ್ಕೂ ನಡುವೆ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಡುವೆ ಏನಿದೆ ಎಂಬುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕಬಳ್ಳಾಪುರಕ್ಕೂ ಬೆಂಗಳೂರಿಗೂ ನಡುವೆ 1,478 ಮೀಟರ್ ಎತ್ತರದ ನಂದಿ ಮತ್ತು ಅದರ ಸೋದರ ಬೆಟ್ಟಗಳಿವೆ. ಕೋಲಾರ ಪಟ್ಟಣದ ಪಶ್ಚಿಮಕ್ಕೆ, ಸರಿಯಾಗಿ ಬೆಂಗಳೂರಿನ ದಿಕ್ಕಿಗೇ, ಅಂತರಗಂಗೆಯ ಬೆಟ್ಟಸಾಲು ನಿಂತಿದೆ. ತುಮಕೂರಿನ ದಾರಿಯಲ್ಲಿ ಶಿವಗಂಗೆ, ದೇವರಾಯನದುರ್ಗಗಳಿವೆ. ಮೂರೂ ಜಿಲ್ಲಾ ಕೇಂದ್ರಗಳು ಬೆಂಗಳೂರಿನಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ನಗರದ ಎಫ್‌ಎಂ ದನಿ ಸೊರಗಿ ಕರಕರ ಸದ್ದಾಗುವ ಅಂಚೇ ಅದು. ಶಿರಾ, ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರಗಳಂತೂ ಆ ಅಂಚಿನಿಂದ ಬಲು ದೂರ.

ಮೀಡಿಯಂ ವೇವ್ ಬಿಡಬೇಕೆನ್ನುವವರ ಕಾರಣಗಳೂ ಹುರುಳಿಲ್ಲದವಲ್ಲ. ಅಷ್ಟು ಶಕ್ತಿಯ ಟ್ರಾನ್ಸ್‌ಮಿಟರ್‌ಗೆ ಸುಡುವ ವಿದ್ಯುತ್ ಅಪಾರ, ಬಿಡಿಭಾಗ ಸಿಗುವುದು ಕಷ್ಟ, ಗೋಪುರಕ್ಕೆ ಎಕರೆಗಟ್ಟಲೆ ಜಮೀನು ಬೇಕು. ಮನೆಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರ್, ಮೋಟಾರುಗಳ ಸದ್ದು ಸೇರಿ ಪಟ್ಟಣಗಳಲ್ಲಿ ಕೇಳುವುದೂ ಪ್ರಯಾಸ. ಬದಲಿಯಾಗಿ ಬಂದ ಡಿಆರ್‌ಎಂ ಎಂಬ ಡಿಜಿಟಲ್ ವಿಧಾನದಲ್ಲಿ ದನಿ ಚೊಕ್ಕಟವಾಗಿದೆ, ಆದರೆ ಅದನ್ನು ಹಿಡಿಯುವ ಸೆಟ್ಟುಗಳು ಇರುವುದು ಹೆಚ್ಚಾಗಿ ಹೊಸ ಕಾರುಗಳಲ್ಲಿ. ಹಳ್ಳಿಯ ಅಂಗಡಿಯಲ್ಲಿ ಅಂಥ ರೇಡಿಯೊ ಸಿಗುವುದಿಲ್ಲ. ಹಳೆಯದನ್ನು ಬಿಡುವುದಕ್ಕೆ ನನ್ನ ತಕರಾರಿಲ್ಲ. ಬಿಟ್ಟ ಜಾಗಕ್ಕೆ ಏನು ಬರುತ್ತದೆ, ಯಾರನ್ನು ಕೇಳಿ ಬರುತ್ತದೆ ಎಂಬುದು ನನ್ನ ತಕರಾರು. ಇದಕ್ಕೆ ಉತ್ತರ ಬೇಕಾದರೆ ಈ ಜಾಲ ಬೆಳೆದ ರೀತಿಯನ್ನೇ ನೋಡಬೇಕು.

ಮೇಲಿನಿಂದ ಇಳಿದ ಜಾಲ, ಮನೆಯಲ್ಲಿ ಹುಟ್ಟಿದ ನಿಲಯ

ಭಾರತದಲ್ಲಿ ರೇಡಿಯೊ ಸರ್ಕಾರದಿಂದ ಶುರುವಾದದ್ದಲ್ಲ. 1923ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಯ ಹವ್ಯಾಸಿ ಕ್ಲಬ್ಬುಗಳು, 1924ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಕ್ಲಬ್ಬು ತಮ್ಮ ಪಾಡಿಗೆ ತಾವು ಪ್ರಸಾರ ಮಾಡುತ್ತಿದ್ದವು. 1927ರ ಜುಲೈ 23ರಂದು ವೈಸರಾಯ್ ಇರ್ವಿನ್ ಮುಂಬಯಿಯಲ್ಲಿ ಖಾಸಗಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯವನ್ನು ಉದ್ಘಾಟಿಸಿದರು. ಕಂಪನಿ ಮೂರು ವರ್ಷವೂ ಬಾಳಲಿಲ್ಲ. 1930ರಲ್ಲಿ ಅದು ದಿವಾಳಿಯೆದ್ದಾಗ ಸರ್ಕಾರ ಕೈಗೆತ್ತಿಕೊಂಡಿತು. ಬಿಬಿಸಿಯಿಂದ ಬಂದ ಲಯನೆಲ್ ಫೀಲ್ಡನ್ ಅವರ ಕಾಲದಲ್ಲಿ, 1936ರ ಜೂನ್ 8ರಂದು ಅದಕ್ಕೆ ಆಲ್ ಇಂಡಿಯಾ ರೇಡಿಯೊ ಎಂದು ಹೆಸರಾಯಿತು. ಸ್ವಾತಂತ್ರ್ಯ ಬಂದಾಗ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸ್, ಲಖನೌ, ತಿರುಚಿರಾಪಳ್ಳಿ ಎಂಬ ಆರು ನಿಲಯಗಳಿದ್ದವು. ಭೂಭಾಗದ ಶೇ 2.5, ಜನಸಂಖ್ಯೆಯ ಶೇ 11 ಅದರ ವ್ಯಾಪ್ತಿ.

ಆ ಆರರಲ್ಲಿ ಕನ್ನಡದ ಊರು ಒಂದೂ ಇಲ್ಲ. ಕನ್ನಡದ ರೇಡಿಯೊ ಹುಟ್ಟಿದ್ದು ಬೇರೊಂದು ದಾರಿಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ 30 ವ್ಯಾಟ್. ಊರಿನ ಸಂಗೀತಗಾರರು, ಕವಿಗಳು, ಅಧ್ಯಾಪಕರು ಆ ಮನೆಗೆ ಬಂದು ಮೈಕಿನ ಮುಂದೆ ಕೂರುತ್ತಿದ್ದರು. ನಾ. ಕಸ್ತೂರಿಯವರು ಜೊತೆಗೂಡಿದರು, ಆಕಾಶವಾಣಿ ಎಂಬ ಹೆಸರು ನೆಲೆಗೊಂಡಿತು. 1942ರಲ್ಲಿ ಮೈಸೂರು ಸಂಸ್ಥಾನವೇ ನಿಲಯವನ್ನು ವಹಿಸಿಕೊಂಡಿತು. ಸಂಸ್ಥಾನ ಭಾರತದಲ್ಲಿ ವಿಲೀನವಾದ ಬಳಿಕ ನಿಲಯ ರಾಷ್ಟ್ರೀಯ ಜಾಲಕ್ಕೆ ಸೇರಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಶುರುವಾದಾಗ ಮೈಸೂರಿನ ನಿಲಯ ಅಲ್ಲಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಮತ್ತೆ ನಿಲಯ ದಕ್ಕಲು 1974ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಮೈಸೂರು ಕೊಟ್ಟ ಹೆಸರು ಇಡೀ ದೇಶದ ಜಾಲದ ಹೆಸರಾಗಿತ್ತು.

ಈ ಸ್ಥಳಾಂತರವೇ ನಮ್ಮ ಮೂರು ಜಿಲ್ಲೆಗಳಿಗೆ ಕನ್ನಡ ರೇಡಿಯೊವನ್ನು ನಿಜವಾಗಿ ತಂದದ್ದು ಎಂಬುದು ಸತ್ಯ. ಆದರೆ ಅದೇ ಸ್ಥಳಾಂತರ ಒಂದು ಪದ್ಧತಿಯನ್ನೂ ಹಾಕಿಕೊಟ್ಟಿತು. ನಿಲಯ ಎಲ್ಲಿರಬೇಕು ಎಂಬುದನ್ನು ಕೇಳುಗರ ಊರು ತೀರ್ಮಾನಿಸುವುದಿಲ್ಲ, ಆಡಳಿತದ ನಕ್ಷೆ ತೀರ್ಮಾನಿಸುತ್ತದೆ. ಮೂವತ್ತು ವ್ಯಾಟ್‌ನಲ್ಲಿ ಊರಿನವರೇ ಊರಿಗಾಗಿ ಮಾತನಾಡುತ್ತಿದ್ದ ಮಾದರಿ ಅಲ್ಲಿಗೆ ಮುಗಿಯಿತು. ಅದು ಮತ್ತೆ ತಲೆಯೆತ್ತಲು ಅರ್ಧ ಶತಮಾನವೇ ಬೇಕಾಯಿತು. ತಲೆಯೆತ್ತಿದ್ದು ಕೋಲಾರ ಜಿಲ್ಲೆಯಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಪಂಚಾಯಿತಿ ಕಟ್ಟೆಯ ರೇಡಿಯೊ

ಒಂದು ಮಾತನ್ನು ಕೃತಜ್ಞತೆಯಿಂದಲೇ ಹೇಳಬೇಕು. ದೆಹಲಿಯಿಂದಲೋ ಬೆಂಗಳೂರಿನಿಂದಲೋ ಇಳಿದು ಬಂದ ಜಾಲವಾದರೂ ಹಳ್ಳಿಯನ್ನು ಅದು ಮರೆಯಲಿಲ್ಲ. 1956ರಲ್ಲಿ ಪುಣೆಯ ಸುತ್ತಲಿನ 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ಗ್ರಾಮೀಣ ರೇಡಿಯೊ ಗೋಷ್ಠಿಗಳ ಪ್ರಯೋಗ ನಡೆಯಿತು. ಹಳ್ಳಿಯ ಜನ ಒಟ್ಟಾಗಿ ಕೂತು ಕಾರ್ಯಕ್ರಮ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತೀರ್ಮಾನವನ್ನೂ ಸಂದೇಹವನ್ನೂ ನಿಲಯಕ್ಕೆ ಬರೆದು ತಿಳಿಸುವುದು, ಇದು ಅದರ ಕ್ರಮ. ನಿಲಯ ಮುಂದಿನ ಕಾರ್ಯಕ್ರಮದಲ್ಲಿ ಅದಕ್ಕೆ ಉತ್ತರ ಕೊಡಬೇಕು. 1959ರಲ್ಲಿ ಇದನ್ನು ದೇಶಕ್ಕೆಲ್ಲ ಹರಡಲು ಹೊರಟರು. ಪ್ರಯೋಗವಾಗಿದ್ದಾಗ ಇದ್ದ ಉತ್ಸಾಹ ಇಲಾಖೆಯ ಕಾರ್ಯಕ್ರಮವಾದ ಮೇಲೆ ಉಳಿಯಲಿಲ್ಲ. ಹಳ್ಳಿಯಿಂದ ನಿಲಯಕ್ಕೆ ಹೋಗುವ ಕಾಗದ ನಿಂತಿತು, ನಿಲಯದಿಂದ ಹಳ್ಳಿಗೆ ಬರುವ ಉಪದೇಶ ಮುಂದುವರಿಯಿತು. ನನ್ನ ದೃಷ್ಟಿಯಲ್ಲಿ ಆಕಾಶವಾಣಿಯ ಚರಿತ್ರೆಯಲ್ಲಿ ಕೈತಪ್ಪಿದ ಅತಿ ದೊಡ್ಡ ಅವಕಾಶ ಇದೇ.

ಆದರೂ 1966ರಿಂದ ನಿಲಯಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಬಂದವು. ತಂಜಾವೂರು ಕಡೆಯ ರೈತರು ಎಡಿಟಿ 27 ಎಂಬ ಭತ್ತದ ತಳಿಯನ್ನು ರೇಡಿಯೊದಲ್ಲಿ ಕೇಳಿ ಬೆಳೆದು, ಅದನ್ನು ರೇಡಿಯೊ ಭತ್ತವೆಂದೇ ಕರೆದರು. ನಮ್ಮ ಕಡೆಗೆ ಬೆಂಗಳೂರು ನಿಲಯದ ಗ್ರಾಮೀಣ ಕಾರ್ಯಕ್ರಮದಲ್ಲಿ ಎ.ಎಸ್. ಮೂರ್ತಿಯವರು ಈರಣ್ಣನಾಗಿ ಮಾತನಾಡುತ್ತಿದ್ದರು. ರಂಗಭೂಮಿಯಲ್ಲಿ ಅಷ್ಟೆಲ್ಲ ಕೆಲಸ ಮಾಡಿದ ಅವರನ್ನು ಜನ ಕೊನೆಯವರೆಗೂ ಆಕಾಶವಾಣಿ ಈರಣ್ಣ ಎಂದೇ ಗುರುತಿಸಿದರು. ಕೃಷಿ ಅಧಿಕಾರಿಯ ಭಾಷಣ ಮರೆತುಹೋಗಿ ಈರಣ್ಣನ ಮಾತು ನೆನಪಿನಲ್ಲಿ ಉಳಿಯಿತು, ಏಕೆಂದರೆ ಅದು ಹಳ್ಳಿಯವನೊಬ್ಬ ಎದುರಿಗೆ ಕೂತು ಆಡಿದ ಮಾತಿನಂತಿತ್ತು. ಪ್ರದೇಶ ಸಮಾಚಾರ, ಚಿಂತನ, ವಾರದ ನಾಟಕ, ಪೇಟೆ ಧಾರಣೆ, ಶಾಲಾ ಮಕ್ಕಳಿಗಾಗಿ ಕೇಳಿ ಕಲಿ ಇವೆಲ್ಲ ಸೇರಿ ದಿನದ ಹೊತ್ತನ್ನೇ ಗೊತ್ತುಮಾಡುತ್ತಿದ್ದವು. ಗಡಿಯಾರವಿಲ್ಲದ ಮನೆಯಲ್ಲಿ ವಾರ್ತೆಯೇ ಗಡಿಯಾರ.

ಕೇಳುವುದೂ ಬಿಟ್ಟಿಯಾಗಿರಲಿಲ್ಲ. ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಅಂಗೈ ಅಗಲದ ಪುಸ್ತಕದಲ್ಲಿ ಸ್ಟಾಂಪು ಅಂಟಿಸಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಮಧುಗಿರಿ ಕಡೆಯ ಹಳೆಯ ಮನೆಗಳ ಟ್ರಂಕುಗಳಲ್ಲಿ ಜಮೀನು ಪತ್ರ, ಜಾತಕಗಳ ಜೊತೆಗೆ ಈ ಪುಸ್ತಕಗಳು ಇಂದಿಗೂ ಸಿಗುತ್ತವೆ. ಸಾಲಾಗಿ ಬಿದ್ದ ದುಂಡು ಮುದ್ರೆಗಳಲ್ಲಿ ಊರಿನ ಹೆಸರು, ವರ್ಷ ಇನ್ನೂ ಓದಬಹುದು. 1980ರ ದಶಕದಲ್ಲಿ ಲೈಸೆನ್ಸ್ ರದ್ದಾಯಿತು. ಹಣ ಕೊಟ್ಟು ಕೇಳಿದ ಈ ಜನ ಜಾಲದ ಪಾಲುದಾರರೇ ಆಗಿದ್ದರು. ಪಾಲು ಸಲ್ಲಿಸಿದ ದಾಖಲೆ ಟ್ರಂಕಿನಲ್ಲಿದೆ, ಪಾಲು ಪಡೆದ ದಾಖಲೆ ಎಲ್ಲೂ ಇಲ್ಲ.

ಸಿನಿಮಾ ಹಾಡಿನ ಕತೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. 1952ರಲ್ಲಿ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಹೊರಗಿಟ್ಟು ಶಾಸ್ತ್ರೀಯ ಸಂಗೀತವನ್ನು ಎತ್ತಿಹಿಡಿದರು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಐದು ವರ್ಷಕ್ಕೆ ಆಕಾಶವಾಣಿ ಮಣಿಯಿತು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. ಕೇಸ್ಕರ್ ಅವರ ಹಟದಿಂದ ಎಷ್ಟೋ ವಿದ್ವಾಂಸರಿಗೆ ರಾಜಾಶ್ರಯ ಹೋದ ಮೇಲೆ ಅನ್ನ ಸಿಕ್ಕಿತು ಎಂಬುದನ್ನು ಒಪ್ಪುತ್ತಲೇ, ಕೇಳುಗನನ್ನು ತಿದ್ದಬೇಕಾದವನೆಂದು ನೋಡುವ ದೃಷ್ಟಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನೂ ಗಮನಿಸಬೇಕು.

ಸ್ವಾಯತ್ತತೆ ಎಂಬ ನಿಲುಕದ ಹಣ್ಣು

ಸರ್ಕಾರದ ಹಿಡಿತದಿಂದ ಆಕಾಶವಾಣಿಯನ್ನು ಬಿಡಿಸಬೇಕೆಂಬ ಮಾತು ಹೊಸದಲ್ಲ. ಸರ್ಕಾರವೇ ನೇಮಿಸಿದ್ದ ಎ.ಕೆ. ಚಂದಾ ಅವರ ಸಮಿತಿ 1966ರಲ್ಲೇ ಅದನ್ನು ಹೇಳಿತ್ತು. 1975ರ ಜೂನ್ 26ರ ಬೆಳಿಗ್ಗೆ ತುರ್ತು ಪರಿಸ್ಥಿತಿಯ ಘೋಷಣೆ ದೇಶಕ್ಕೆ ಕೇಳಿಸಿದ್ದು ಆಕಾಶವಾಣಿಯಲ್ಲೇ. ಮುಂದಿನ ತಿಂಗಳುಗಳಲ್ಲಿ ಅದು ಏನನ್ನು ಹೇಳಲಿಲ್ಲ ಎಂಬುದರಿಂದ ಜನ ಪಾಠ ಕಲಿತರು. ಜನತಾ ಸರ್ಕಾರ ನೇಮಿಸಿದ ವರ್ಗೀಸ್ ಸಮಿತಿ 1978ರಲ್ಲಿ ಸ್ವತಂತ್ರ ಸಂಸ್ಥೆಯನ್ನು ಶಿಫಾರಸು ಮಾಡಿತು. ಆಕಾಶವಾಣಿ, ದೂರದರ್ಶನಗಳನ್ನು ಪ್ರಸಾರ ಭಾರತಿ ಎಂಬ ನಿಗಮಕ್ಕೆ ವಹಿಸುವ ಕಾಯ್ದೆ 1990ರಲ್ಲಿ ಅಂಗೀಕಾರವಾಗಿ, 1997ರಲ್ಲಷ್ಟೇ ಜಾರಿಗೆ ಬಂತು. ಖರ್ಚಿನ ಬಹುಪಾಲಿಗೆ ಕೇಂದ್ರದ ಅನುದಾನವನ್ನೇ ನೆಚ್ಚಿರುವ ಸಂಸ್ಥೆ ಎಷ್ಟರಮಟ್ಟಿಗೆ ಸ್ವಾಯತ್ತ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾದ ತಿರುವು ನ್ಯಾಯಾಲಯದಿಂದ ಬಂತು. 1995ರ ಫೆಬ್ರುವರಿ 9ರಂದು, ಕ್ರಿಕೆಟ್ ಪಂದ್ಯವೊಂದರ ಪ್ರಸಾರದ ಹಕ್ಕಿನ ವಿವಾದದಲ್ಲಿ, ಸುಪ್ರೀಂ ಕೋರ್ಟ್ ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. ಸರ್ಕಾರದ ಏಕಸ್ವಾಮ್ಯಕ್ಕೆ ಅಲ್ಲಿಗೆ ಬುಡ ಅಲುಗಿತು. ಮರುವರ್ಷವೇ ಬೆಂಗಳೂರಿನಲ್ಲಿ ಸೇರಿದ ಮಾಧ್ಯಮ ಕಾರ್ಯಕರ್ತರು ಊರಿನ ಜನರೇ ನಡೆಸುವ ಸಮುದಾಯ ರೇಡಿಯೊಗೆ ಅವಕಾಶ ಕೊಡಬೇಕೆಂದು ಬೆಂಗಳೂರು ಘೋಷಣೆಯನ್ನು ಹೊರಡಿಸಿದರು. ಸಾರ್ವಜನಿಕ ಸ್ವತ್ತು ಎಂದ ಮೇಲೆ ಅದು ಯಾರ ಕೈಗೆ ಮೊದಲು ಹೋಯಿತು? ಹರಾಜಿನಲ್ಲಿ ಗೆದ್ದವರ ಕೈಗೆ. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಶುರುವಾಯಿತು.

ಬೂದಿಕೋಟೆಯ ತಂತಿ

ಅದೇ ಹೊತ್ತಿನಲ್ಲಿ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಹೈದರ್ ಅಲಿ ಹುಟ್ಟಿದ ಊರೆಂದು ನಾವು ಶಾಲೆಯಲ್ಲಿ ಓದಿದ ಆ ಹಳ್ಳಿಯಲ್ಲಿ, ನಮ್ಮ ಧ್ವನಿ ಎಂಬ ಕೇಂದ್ರ ಆಕಾರ ಪಡೆಯುತ್ತಿತ್ತು. ವಾಯ್ಸಸ್ ಮತ್ತು ಮೈರಾಡ ಎಂಬ ಸಂಸ್ಥೆಗಳ ಬೆಂಬಲ, ಯುನೆಸ್ಕೊ ನೆರವು ಇದ್ದವು. ಹಳ್ಳಿಯವರೇ ಧ್ವನಿಮುದ್ರಣ ಕಲಿತರು, ಸ್ವಸಹಾಯ ಸಂಘದ ಹೆಂಗಸರು ಕಾರ್ಯಕ್ರಮ ರೂಪಿಸಿದರು. ಮೈಕು, ಮಿಕ್ಸರ್, ಕೋಣೆ ಎಲ್ಲವೂ ಸಿದ್ಧವಾದವು. ಇಲ್ಲದಿದ್ದುದು ಒಂದೇ, ಲೈಸೆನ್ಸು. ಹಳ್ಳಿಯ ಜನ ಗಾಳಿಯಲೆಯಲ್ಲಿ ಮಾತನಾಡಲು ಆಗಿನ ಕಾನೂನಿನಲ್ಲಿ ಜಾಗವೇ ಇರಲಿಲ್ಲ.

ಅವರು ಸುಮ್ಮನಾಗಲಿಲ್ಲ. ಗಾಳಿ ಇಲ್ಲದಿದ್ದರೆ ತಂತಿ ಎಂದರು. ಊರಿನ ಕೇಬಲ್ ಟಿವಿಯ ತಂತಿಯಲ್ಲೇ ಒಂದು ವಾಹಿನಿಯಾಗಿ ತಮ್ಮ ದನಿಯನ್ನು ಹರಿಸಿದರು. ಮನೆಯ ಟಿವಿ ಪೆಟ್ಟಿಗೆಯಲ್ಲಿ ಚಿತ್ರವಿಲ್ಲದೆ ಬರೀ ಮಾತು ಕೇಳುತ್ತಿತ್ತು. ಪಕ್ಕದ ಮನೆಯಾಕೆ ಬಸಿರಿನ ಆರೈಕೆಯ ಬಗ್ಗೆ, ಪರಿಚಯದ ರೈತ ಬಿತ್ತನೆಯ ಬಗ್ಗೆ, ಶಾಲೆಯ ಹುಡುಗಿ ತಾನೇ ಕಟ್ಟಿದ ಹಾಡಿನ ಬಗ್ಗೆ ಮಾತನಾಡುವ ರೇಡಿಯೊ. ಕೇಬಲ್ ಇಲ್ಲದ ಕಡೆ ಧ್ವನಿಸುರುಳಿಯನ್ನೇ ಒಯ್ದು ಕೇಳಿಸುತ್ತಿದ್ದರು.

ನೂರು ಕಿಲೋಮೀಟರ್ ಒಳಗೆ, ಒಂದೇ ಅವಧಿಯಲ್ಲಿ ನಡೆದ ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಹಣವಿದ್ದವರಿಗೆ ಆಕಾಶ ಸಿಕ್ಕಿತು, ಹಳ್ಳಿಯವರಿಗೆ ತಂತಿ. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಮುದಾಯ ರೇಡಿಯೊ ಅನುಮತಿ ಬಂತು, 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲ ನಿಲಯ ತೆರೆಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರ್‌ನಲ್ಲಿ. ಆ ಬಾಗಿಲು ತೆರೆಯಬೇಕೆಂದು ಒತ್ತಾಯಿಸುವವರೆಲ್ಲ ತೋರಿಸುತ್ತಿದ್ದ ಉದಾಹರಣೆಗಳಲ್ಲಿ ಬೂದಿಕೋಟೆಯೂ ಒಂದು. ಮುಂದೆ ನಮ್ಮ ಧ್ವನಿಗೂ 90.4 ಮೆಗಾಹರ್ಟ್ಸ್‌ನ ಕಂಪನಾಂಕ ದೊರೆಯಿತು. ತುಮಕೂರಿನಲ್ಲಿ ರೇಡಿಯೊ ಸಿದ್ಧಾರ್ಥ 90.8ರಲ್ಲಿ ಶುರುವಾಯಿತು.

ಆದರೆ ಸಮುದಾಯ ರೇಡಿಯೊ ಬಳಸಬಹುದಾದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಗೋಪುರದ ಎತ್ತರ ಸುಮಾರು 30 ಮೀಟರ್. ದನಿ ಹತ್ತು ಹದಿನೈದು ಕಿಲೋಮೀಟರ್ ದಾಟುವುದಿಲ್ಲ. ಆಕಾಶವಾಣಿಯ ವಾರ್ತೆಯನ್ನು ಹಾಗೆಯೇ ಮರುಪ್ರಸಾರ ಮಾಡಬಹುದೇ ಹೊರತು ಸ್ವಂತ ಸುದ್ದಿ ಕೊಡುವಂತಿಲ್ಲ. ಹವಾಮಾನ, ನೀರು, ಕರೆಂಟು, ಪರೀಕ್ಷೆ, ಉದ್ಯೋಗದ ಪ್ರಕಟಣೆಗಳಿಗೆ ಅವಕಾಶವಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುವ ಬೆಂಗಳೂರಿನ ಸಂಸ್ಕರಿಸಿದ ನೀರು ಇಂದು ಬಿಡಲಾಗುತ್ತದೆ ಎಂದು ಹೇಳಬಹುದು. ಆ ನೀರು ಎಷ್ಟು ಶುದ್ಧ ಎಂದು ಊರಿನಲ್ಲಿ ನಡೆಯುವ ಜಗಳವನ್ನು ಸುದ್ದಿಯಾಗಿ ಹೇಳಲಾಗದು. ಪಾವಗಡದ ತಿರುಮಣಿಯ ಸೌರ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ರೈತರ ಸ್ಥಿತಿಗತಿಗೂ ಇದೇ ಗತಿ. ಪತ್ರಿಕೆ, ಟಿವಿ, ಮೊಬೈಲ್‌ನ ವಿಡಿಯೊ ವಾಹಿನಿಗಳಿಗೆ ಇಲ್ಲದ ಈ ನಿರ್ಬಂಧ ರೇಡಿಯೊಗೆ ಮಾತ್ರ ಏಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ನನಗೆ ಇದುವರೆಗೆ ಕಂಡಿಲ್ಲ. ಖಾಸಗಿ ಎಫ್‌ಎಂಗಳಿಗೆ ಗಂಟೆಗೆ ಹತ್ತು ನಿಮಿಷ ಸುದ್ದಿ ಪ್ರಸಾರಕ್ಕೆ ಅವಕಾಶ ಕೊಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದೆ. ಆ ಶಿಫಾರಸಿನ ಆಶಯ ಮೊದಲು ಅನ್ವಯವಾಗಬೇಕಾದದ್ದು ಹಳ್ಳಿಯ ನಿಲಯಗಳಿಗೆ.

ಗಡಿಯ ಕಿವಿ

ಈ ಮೂರು ಜಿಲ್ಲೆಗಳ ಇನ್ನೊಂದು ವಿಶೇಷವನ್ನು ಜಾಲದ ನಕ್ಷೆ ಹಿಡಿದಿಲ್ಲ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಪಾವಗಡಗಳಲ್ಲಿ ಮನೆಯೊಳಗಿನ ಮಾತು ತೆಲುಗು, ಹೊರಗಿನ ವ್ಯವಹಾರ ಕನ್ನಡ ಎಂಬ ಕುಟುಂಬಗಳು ಅಸಂಖ್ಯ. ಕೆಜಿಎಫ್‌ನಲ್ಲಿ ತಮಿಳು. ಇಲ್ಲಿಯ ರೇಡಿಯೊಗಳಲ್ಲಿ ಬೆಂಗಳೂರಿನಷ್ಟೇ ಸಹಜವಾಗಿ ಕಡಪ, ಅನಂತಪುರ, ಮದ್ರಾಸು ಕೇಳುತ್ತಿದ್ದವು. ಗಡಿಯ ಕೇಳುಗ ಎರಡು ಮೂರು ಭಾಷೆಗಳ ವಾರ್ತೆ ಕೇಳಿ ತಾಳೆ ನೋಡುವವನು. ಇಂಥವನಿಗಾಗಿ ಯಾವ ನಿಲಯವೂ ಕಾರ್ಯಕ್ರಮ ರೂಪಿಸಲಿಲ್ಲ, ಏಕೆಂದರೆ ನಿಲಯಗಳನ್ನು ಹಂಚಿದ್ದು ರಾಜ್ಯದ ಭಾಷೆಯನ್ನು ನೋಡಿ.

ಕೈವಾರ ತಾತಯ್ಯನವರ ತತ್ತ್ವಪದಗಳನ್ನು ತೆಗೆದುಕೊಳ್ಳಿ. ಅವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಭಜನೆಯಲ್ಲಿ ಎರಡೂ ಒಂದರ ಬೆನ್ನಿಗೊಂದು ಬರುತ್ತವೆ, ಹಾಡುವವರಿಗೆ ನಡುವೆ ಗಡಿ ಕಾಣುವುದಿಲ್ಲ. ಕನ್ನಡ ನಿಲಯಕ್ಕೆ ಅದರ ಅರ್ಧ ಬೇಡ, ತೆಲುಗು ನಿಲಯಕ್ಕೆ ಇನ್ನರ್ಧ ಬೇಡ. ಶಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ರಾತ್ರಿಯಿಡೀ ನಡೆಯುವಂಥದ್ದು. ಅದರ ಜೊತೆಗೆ ನುಡಿಸುವ ಗಣೆ ಎಂಬ ಉದ್ದನೆಯ ಕೊಳಲಿನ ನಾದ ಕೇಳಿದವರು ಮರೆಯುವುದಿಲ್ಲ. ಹದಿನೈದು ನಿಮಿಷದ ಜನಪದ ಗೀತೆಗಳ ಅವಧಿಯಲ್ಲಿ ಇದು ಹಿಡಿಸುವುದಿಲ್ಲ. ತುಮಕೂರು ಕಡೆಯ ಮೂಡಲಪಾಯ ಯಕ್ಷಗಾನದ ಭಾಗವತಿಕೆಗೂ ಬೇಕಾದದ್ದು ಹತ್ತಿರದ ಮೈಕು, ಸಾವಧಾನದ ಹೊತ್ತು. ಗುಬ್ಬಿ ವೀರಣ್ಣನವರ ಊರಿದ್ದ ಜಿಲ್ಲೆಯಲ್ಲಿ ನಾಟಕಕ್ಕೆ ಒಂದು ರೇಡಿಯೊ ಕೋಣೆ ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಆ್ಯಪ್ ಸಾಕೇ?

2023ರ ಮೇನಲ್ಲಿ ಪ್ರಸಾರ ಭಾರತಿ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂದೇ ಬಳಸಲು ಸೂಚಿಸಿತು. ಅದಕ್ಕೂ ಮೊದಲು, ಏಪ್ರಿಲ್ 28ರಂದು, ದೇಶದ 84 ಜಿಲ್ಲೆಗಳಲ್ಲಿ ತಲಾ 100 ವ್ಯಾಟ್‌ನ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳು ಉದ್ಘಾಟನೆಗೊಂಡವು. 2024ರ ಆಗಸ್ಟ್‌ನಲ್ಲಿ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಸಂಪುಟ ಒಪ್ಪಿತು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಬಂತು. ಚಟುವಟಿಕೆಗೆ ಕೊರತೆಯಿಲ್ಲ. ಆದರೆ ಆಕಾಶವಾಣಿಯ ಇಂಥ ನೂರು ವ್ಯಾಟ್‌ನ ಟ್ರಾನ್ಸ್‌ಮಿಟರ್‌ಗಳು ಬಹುಪಾಲು ಬೇರೆ ಊರಿನ ನಿಲಯದ ದನಿಯನ್ನು ಮರುಪ್ರಸಾರ ಮಾಡುವಂಥವು. ಊರಿಗೆ ಕಂಬ ಬರುತ್ತದೆ, ಕೋಣೆ ಬರುವುದಿಲ್ಲ.

ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರೆ ಮುಗಿಯಿತಲ್ಲ ಎನ್ನುವವರು ಶಿಡ್ಲಘಟ್ಟದ ಒಂದು ರೇಷ್ಮೆ ಮನೆಗೆ ಬರಬೇಕು. ಹುಳು ಹಣ್ಣಾಗುವ ದಿನಗಳಲ್ಲಿ ಮನೆಮಂದಿಯೆಲ್ಲ ನಿದ್ದೆಗೆಟ್ಟು ಹುಳು ಆರಿಸಿ, ಅವು ಗೂಡು ಕಟ್ಟುವ ತಟ್ಟಿಯಾದ ಚಂದ್ರಂಕಿಗೆ ಬಿಡುತ್ತಿರುತ್ತಾರೆ. ಕೈಗೆ ಬಿಡುವಿಲ್ಲ, ಕಣ್ಣಿಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಕಿವಿಗೆ ಬೇಕಾದದ್ದು ನಾಳೆ ಮಾರುಕಟ್ಟೆಯಲ್ಲಿ ಗೂಡಿನ ಧಾರಣೆ ಏನಾಗಬಹುದು, ಮಳೆ ಮೋಡ ಇದೆಯೇ ಎಂಬ ಮಾತು. ಕೋಲಾರದ ಎಪಿಎಂಸಿಗೆ ಟೊಮೆಟೊ ಹೇರಿಕೊಂಡು ಹೊರಟವನಿಗೂ, ತಿಪಟೂರಿನ ಕೊಬ್ಬರಿ ಹರಾಜಿನ ಮೇಲೆ ಕಣ್ಣಿಟ್ಟವನಿಗೂ ಇದೇ ಬೇಕು. ಆ್ಯಪ್‌ನಲ್ಲಿ ನೂರಾರು ವಾಹಿನಿಗಳಿವೆ. ಅವುಗಳಲ್ಲಿ ಈ ಮೂರೂ ಧಾರಣೆಯನ್ನು ಹೊತ್ತಿಗೆ ಸರಿಯಾಗಿ ಹೇಳುವ ವಾಹಿನಿ ಇಲ್ಲದಿದ್ದರೆ ಆ ಸಂಖ್ಯೆಯಿಂದ ಏನು ಬಂತು? ಡೇಟಾ ಮುಗಿದರೆ ದನಿಯೂ ನಿಲ್ಲುತ್ತದೆ. ಡೇಟಾ ಇಲ್ಲದೆ ಕೇಳಿಸುವ ಎಫ್‌ಎಂ ಹಳೆಯ ಫೋನುಗಳಲ್ಲಿ ಸಾಮಾನ್ಯವಾಗಿತ್ತು. ಇಯರ್‌ಫೋನಿನ ತಂತಿಯೇ ಆಂಟೆನಾ ಆಗುತ್ತಿತ್ತು. ಹೊಸ ಸ್ಮಾರ್ಟ್‌ಫೋನುಗಳಲ್ಲಿ ಅದು ಕಾಣೆಯಾಗುತ್ತಿದ್ದುದನ್ನು ಕಂಡು, ಎಫ್‌ಎಂ ಸೌಲಭ್ಯ ಉಳಿಸಿಕೊಳ್ಳುವಂತೆ ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ನೀಡಬೇಕಾಯಿತು.

ಹೀಗಿರುವಾಗ ನಾವು ಕೇಳಬೇಕಾದದ್ದೇನು? ಮೂರು ಜಿಲ್ಲೆಗೆ ಮೂರು ದೊಡ್ಡ ನಿಲಯ ಕೊಡಿ ಎಂದರೆ ಸಿಬ್ಬಂದಿಯಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ, ಅದು ಸುಳ್ಳೂ ಅಲ್ಲ. ಇರುವ ನಿಲಯಗಳಲ್ಲೇ ಖಾಯಂ ಉದ್ಘೋಷಕರ ಹುದ್ದೆಗಳು ಖಾಲಿ ಬಿದ್ದು, ಕೆಲಸ ಸಾಂದರ್ಭಿಕ ಉದ್ಘೋಷಕರಿಂದ ಸಾಗುತ್ತಿದೆ. ಕೇಳಬೇಕಾದದ್ದು ಸಣ್ಣದು, ಖಚಿತವಾದದ್ದು. ಈ ಜಿಲ್ಲೆಗಳಲ್ಲಿ ಮರುಪ್ರಸಾರದ ಕಂಬ ನೆಡುವಾಗ ಅದರ ಬುಡದಲ್ಲಿ ಒಂದು ಧ್ವನಿಮುದ್ರಣ ಕೋಣೆ, ದಿನಕ್ಕೆ ಎರಡು ಗಂಟೆ ಸ್ಥಳೀಯ ಅವಧಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಪಾವಗಡ, ಬಾಗೇಪಲ್ಲಿಗಳಲ್ಲಿ ಎಫ್‌ಎಂ ದನಿ ಕೇಳುವವರೆಗೆ ಮೀಡಿಯಂ ವೇವ್ ನಿಲ್ಲಿಸುವುದಿಲ್ಲ ಎಂಬ ಲಿಖಿತ ಭರವಸೆ. ಇದನ್ನು ಕೇಳಬೇಕಾದವರು ಸಂಸದರು, ಶಾಸಕರು, ಜಿಲ್ಲಾ ಪಂಚಾಯಿತಿಗಳು. ರೈಲು ಮಾರ್ಗಕ್ಕೆ, ನೀರಾವರಿಗೆ ಮನವಿ ಕೊಡುವ ನಮ್ಮ ಸಂಘಟನೆಗಳ ಪಟ್ಟಿಯಲ್ಲಿ ರೇಡಿಯೊ ಎಂದೂ ಇರಲಿಲ್ಲ.

ಮನವಿಗೆ ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಸಮುದಾಯ ರೇಡಿಯೊ ಅರ್ಜಿಗೆ ಅರ್ಹರಾದವರ ಪಟ್ಟಿಯಲ್ಲಿ ಕೃಷಿ ವಿಶ್ವವಿದ್ಯಾಲಯಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಸ್ಪಷ್ಟವಾಗಿ ಸೇರಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ದಾರಿಯಲ್ಲಿ ಆಗಲೇ ನಡೆದಿದೆ. ನಮ್ಮಲ್ಲಿ ಚಿಂತಾಮಣಿಯ ಕುರುಬೂರು, ಕೋಲಾರದ ಟಮಕ, ತಿಪಟೂರಿನ ಕೊನೇಹಳ್ಳಿ, ತುಮಕೂರಿನ ಹಿರೇಹಳ್ಳಿಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಜಾಗವಿದೆ, ಕಟ್ಟಡವಿದೆ, ವಿಷಯ ಬಲ್ಲ ವಿಜ್ಞಾನಿಗಳಿದ್ದಾರೆ, ದಿನವೂ ಬಂದುಹೋಗುವ ರೈತರಿದ್ದಾರೆ. ಮೈಸೂರಿನ ಪ್ರಾಧ್ಯಾಪಕರು ಮನೆಯಲ್ಲಿಟ್ಟಿದ್ದ ಟ್ರಾನ್ಸ್‌ಮಿಟರ್‌ಗಿಂತ ಹೆಚ್ಚು ಶಕ್ತಿಯದನ್ನು ಇಂದಿನ ಕಾನೂನು ಅವರಿಗೆ ಕೊಡುತ್ತದೆ. ಲೈಸೆನ್ಸಿನ ಅವಧಿಯನ್ನು ಹತ್ತು ವರ್ಷಕ್ಕೆ ಹೆಚ್ಚಿಸಲಾಗಿದೆ, ಜಾಹೀರಾತಿನ ಸಮಯವನ್ನು 2024ರಲ್ಲಿ ಗಂಟೆಗೆ ಏಳರಿಂದ ಹನ್ನೆರಡು ನಿಮಿಷಕ್ಕೆ ಏರಿಸಲಾಗಿದೆ. ಈ ನಾಲ್ಕು ಕೇಂದ್ರಗಳ ರೈತ ಸಲಹಾ ಸಭೆಗಳಲ್ಲಿ ಮುಂದಿನ ಬಾರಿ ಕೂರುವ ರೈತ ಮುಖಂಡರು ಬಿತ್ತನೆ ಬೀಜ, ಗೊಬ್ಬರದ ವಿಷಯ ಮುಗಿದ ಮೇಲೆ, ರೇಡಿಯೊ ಅರ್ಜಿ ಯಾವಾಗ ಹಾಕುತ್ತೀರಿ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಲಿ.